ಭೂಮಧ್ಯರೇಖೆಯ ನೀರಿನಾಟ

ಭೂಮಧ್ಯರೇಖೆ ನೋಡಿ ಬಂದವರು ನಿಮಗೆ ತಪ್ಪದೆ ಎರಡು ಸಂಗತಿ ಹೇಳುತ್ತಾರೆ. ಒಂದು, ಎರಡು ಗೋಲಾರ್ಧಗಳಲ್ಲಿ ಒಂದೊಂದು ಕಾಲಿಟ್ಟು ತೆಗೆಸಿಕೊಂಡ ಫೋಟೋ. ಇನ್ನೊಂದು, ನೀರಿನಾಟ.

ಫೋಟೋದ ಗೆರೆಯನ್ನೇ ನೋಡಿ. ಇಕ್ವೆಡಾರ್‌ನ ಕ್ವಿಟೋ ಬಳಿ 30 ಮೀಟರ್ ಎತ್ತರದ ಸ್ಮಾರಕ ಕಟ್ಟಿ ಹಳದಿ ಗೆರೆ ಎಳೆದಿದ್ದಾರೆ. ಜಿಪಿಎಸ್ ಪ್ರಕಾರ ನಿಜವಾದ ರೇಖೆ ಸುಮಾರು 240 ಮೀಟರ್ ಆಚೆಗಿದೆ!

ಉಗಾಂಡ, ಕೆನ್ಯಾಗಳಲ್ಲಿ ಗೆರೆಯಿಂದ ಕೆಲವೇ ಹೆಜ್ಜೆ ಆಚೀಚೆ ತೂತಿನ ಬೋಗುಣಿಗೆ ನೀರು ಹೊಯ್ದು, ಒಂದೆಡೆ ಬಲಕ್ಕೆ, ಇನ್ನೊಂದೆಡೆ ಎಡಕ್ಕೆ ಸುಳಿ ತಿರುಗುವುದನ್ನು ತೋರಿಸಿ ಪ್ರವಾಸಿಗರಿಂದ ದುಡ್ಡು ಪಡೆಯುತ್ತಾರೆ. ಭೂಮಿಯ ತಿರುಗುವಿಕೆ ನೂರಾರು ಕಿಲೋಮೀಟರ್ ಅಗಲದ ಚಂಡಮಾರುತವನ್ನು ಸುತ್ತಿಸುತ್ತದೆ, ನಿಜ. ಬೋಗುಣಿಯ ನೀರಿಗೆ ಆ ಬಲ ತಾಗುವುದೇ ಇಲ್ಲವೆನ್ನಬಹುದು. ಸುಳಿಯ ದಿಕ್ಕು ನೀರು ಹೊಯ್ಯುವ ಕೈಯಲ್ಲಿದೆ. ಮಕ್ಕಳು ಇದನ್ನೇ ವಿಜ್ಞಾನವೆಂದು ನಂಬುವ ಮೊದಲು ಮನೆಯ ಬಕೆಟಿನಲ್ಲಿ ನೀವೇ ಮಾಡಿ ತೋರಿಸಿ.

ನಿಜಕ್ಕೂ ನೋಡಬೇಕಾದದ್ದು ನೆರಳಿಲ್ಲದ ನಡುಹಗಲು. ಅದು ರೇಖೆಯ ಮೇಲೆ ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಬರುತ್ತದೆ. ನಮಗೂ ಬರುತ್ತದೆ, ವೀಸಾ ಬೇಡ. ರೇಖೆಯಿಂದ ಸುಮಾರು 1,500 ಕಿ.ಮೀ. ಉತ್ತರಕ್ಕಿರುವ ಸಾಲಿಗ್ರಾಮದಲ್ಲಿ ಏಪ್ರಿಲ್ 26ರ ಆಸುಪಾಸಿನಲ್ಲಿ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಮಾಯವಾಗುತ್ತದೆ. ಆಗಸ್ಟ್ 17ರ ಸುಮಾರಿಗೆ ಮತ್ತೊಮ್ಮೆ, ಮಳೆಮೋಡ ಬಿಟ್ಟುಕೊಟ್ಟರೆ! ನೆರಳು ಅಳೆದು ಝುಹರ್, ಅಸರ್‌ಗಳ ವೇಳೆ ತಿಳಿಯುತ್ತಿದ್ದ ಹಿರಿಯರಿಗೆ ಇದು ಹೊಸತಾಗಿರಲಿಕ್ಕಿಲ್ಲ. ಗಡಿಯಾರದಲ್ಲಿ ಹನ್ನೆರಡಾಯಿತೆಂದು ಓಡಬೇಡಿ. ನಮ್ಮ ಕರಾವಳಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಯ ಹೊತ್ತಿಗೆ.