ಘಟ್ಟವನ್ನಿಳಿಯುವ ಗೇರು

ಡಿಸೆಂಬರ್ ತಿಂಗಳು ಬಂದಿತೆಂದರೆ ಶಾಲಾಕಾಲೇಜುಗಳ ಪ್ರವಾಸದ ಬಸ್ಸುಗಳೂ ರಜೆಗೆ ಹೊರಟ ಕುಟುಂಬಗಳ ಕಾರುಗಳೂ ಪಶ್ಚಿಮ ಘಟ್ಟದ ದಾರಿಯನ್ನು ಹಿಡಿಯುತ್ತವೆ. ರಸ್ತೆಯ ಅಪಾಯವನ್ನು ಕುರಿತು ಮಾತನಾಡುವಾಗ ನಾವು ಅತಿವೇಗ, ಮದ್ಯ, ನಿದ್ರೆ ಇವುಗಳನ್ನು ಹೆಸರಿಸುತ್ತೇವೆ. ಅದು ಯುಕ್ತವೇ. ಆದರೆ ಎಚ್ಚರದಿಂದ, ನಿಧಾನವಾಗಿ ವಾಹನ ನಡೆಸುವವನಿಗೂ ಒದಗಬಹುದಾದ ವಿಪತ್ತೊಂದು ಘಟ್ಟದ ಇಳಿಜಾರಿನಲ್ಲಿದೆ. ಅದರ ಕಾರಣ ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿಯೇ ದೊರೆಯುತ್ತದೆ.

ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸೋಮೇಶ್ವರದ ಕಡೆಗೆ ರಸ್ತೆಯು ತಿರುವಿನ ಮೇಲೆ ತಿರುವಾಗಿ ಕೆಲವೇ ಕಿಲೋಮೀಟರುಗಳಲ್ಲಿ ಕೆಳಗಿಳಿಯುತ್ತದೆ. ಲೆಕ್ಕಕ್ಕಾಗಿ ಇಳಿತವನ್ನು 500 ಮೀಟರ್ ಎಂದೂ, ಜನರೂ ಸಾಮಾನೂ ಸೇರಿ ಕಾರಿನ ದ್ರವ್ಯರಾಶಿಯನ್ನು 1,500 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳೋಣ. ಕಾರು ಕಳೆದುಕೊಳ್ಳುವ ಪ್ರಚ್ಛನ್ನಶಕ್ತಿ ಸುಮಾರು 73 ಲಕ್ಷ ಜೂಲ್. ಬಚ್ಚಲ ಹಂಡೆಯಲ್ಲಿ 23 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು! ಅದೇ ಕಾರು ಬಯಲಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಿಂದ ಓಡುವಾಗ ಅದರ ಚಲನಶಕ್ತಿ 3.7 ಲಕ್ಷ ಜೂಲ್ ಮಾತ್ರ. ಎಂದರೆ ಬ್ರೇಕನ್ನೇ ನಂಬಿ ಈ ಘಟ್ಟವನ್ನಿಳಿಯುವುದು, 80 ಕಿಲೋಮೀಟರ್ ವೇಗದ ಕಾರನ್ನು ಎಡೆಬಿಡದೆ ಸುಮಾರು ಇಪ್ಪತ್ತು ಸಲ ನಿಲ್ಲಿಸಿದುದಕ್ಕೆ ಸಮ. ಗಾಳಿಯ ತಡೆಯೂ ಟೈರುಗಳ ಘರ್ಷಣೆಯೂ ಇದರಲ್ಲಿ ಒಂದು ಪಾಲನ್ನು ಹೊರುತ್ತವೆ, ನಿಜ. ಉಳಿದುದೆಲ್ಲವೂ ಉಷ್ಣವಾಗಿ ಬ್ರೇಕಿನ ಕೆಲವು ಕಿಲೋಗ್ರಾಂ ಕಬ್ಬಿಣವನ್ನು ಸೇರಬೇಕು.

ಅತಿಯಾಗಿ ಕಾದ ಬ್ರೇಕಿನ ಪ್ಯಾಡುಗಳು ಹಿಡಿತವನ್ನು ಕಳೆದುಕೊಳ್ಳುತ್ತವೆ. ಅದಕ್ಕಿಂತಲೂ ಘೋರವಾದುದು ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 3 ದರ್ಜೆಯ ಹೊಸ ದ್ರವವು 205 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಕುದಿಯಕೂಡದೆಂಬುದು ನಿಯಮ. ಈ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವಗೊಂಡ ದ್ರವಕ್ಕೆ ನಿಯಮವು ಕೇಳುವುದು 140 ಡಿಗ್ರಿ ಮಾತ್ರ. ಕುದಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಒತ್ತಿದರೆ ದ್ರವವು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪಾಸ್ಕಲನ ನಿಯಮವನ್ನು ನಂಬಿ ಒತ್ತಿದ ಪೆಡಲು ನೆಲವನ್ನು ಮುಟ್ಟುತ್ತದೆ, ಚಕ್ರವು ಉರುಳುತ್ತಲೇ ಇರುತ್ತದೆ. ದೊಡ್ಡ ಬಸ್ಸುಗಳ ಗಾಳಿ ಬ್ರೇಕಿನಲ್ಲಿ ಕುದಿಯಲು ದ್ರವವಿಲ್ಲ. ಆದರೆ ಅಲ್ಲಿಯೂ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಸಡಿಲುತ್ತದೆ.

‘ಹತ್ತಿದ ಗೇರಿನಲ್ಲೇ ಇಳಿಯಬೇಕು’ ಎಂದು ಹಳೆಯ ಚಾಲಕರು ಹೇಳುತ್ತಿದ್ದುದು ಇದಕ್ಕಾಗಿಯೇ. ಕೆಳಗಿನ ಗೇರಿನಲ್ಲಿ ಚಕ್ರವೇ ಎಂಜಿನನ್ನು ತಿರುಗಿಸಬೇಕಾಗುತ್ತದೆ. ಆ ಶ್ರಮದಲ್ಲಿ ವ್ಯಯವಾದ ಶಕ್ತಿಯು ರೇಡಿಯೇಟರಿನ ಮೂಲಕವೂ ಹೊಗೆಕೊಳವೆಯ ಮೂಲಕವೂ ಹೊರಗೆ ಹೋಗುತ್ತದೆ. ಶಾಖವನ್ನು ಸಾಗಹಾಕಲೆಂದೇ ನಿರ್ಮಿಸಿದ ಯಂತ್ರವದು. ಈಗಿನ ಬಲಿಷ್ಠ ಕಾರುಗಳು ಮೂರನೆಯ ಗೇರಿನಲ್ಲಿಯೂ ಘಟ್ಟ ಹತ್ತಬಲ್ಲವಾದುದರಿಂದ, ಇಳಿಯುವಾಗ ಅದಕ್ಕಿಂತಲೂ ಒಂದು ಗೇರು ಕೆಳಗಿರುವುದು ಲೇಸು. ಬ್ರೇಕಿನ ಮೇಲೆ ಸದಾ ಕಾಲಿಟ್ಟಿರದೆ, ಬೇಕಾದಾಗ ಬಲವಾಗಿ ಒತ್ತಿ ಬಿಟ್ಟುಬಿಡಬೇಕು.

ಇದಕ್ಕೆ ತೀರ ವಿರುದ್ಧವಾದ ಅಭ್ಯಾಸವೊಂದುಂಟು. ಒಮ್ಮೆ ವಿದ್ಯಾರ್ಥಿಗಳೊಡನೆ ಪ್ರವಾಸ ಹೋದಾಗ, ಬಾಡಿಗೆ ಮಿನಿ ಬಸ್ಸಿನ ಚಾಲಕರು ಇಳಿಜಾರು ಬಂದೊಡನೆ ಗೇರನ್ನು ನ್ಯೂಟ್ರಲ್ ಮಾಡಿದರು. ಕೇಳಿದುದಕ್ಕೆ, “ಡೀಸೆಲ್ ಉಳೀತದೆ ಸಾರ್” ಎಂದರು. ಸ್ವಲ್ಪ ಹೊತ್ತಿನಲ್ಲಿಯೇ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಆರು ಟನ್ನಿನ ಬಸ್ಸು. ಮೇಲಿನ ಲೆಕ್ಕವನ್ನು ನಾಲ್ಕರಿಂದ ಗುಣಿಸಿಕೊಳ್ಳಬಹುದು. ಉಳಿತಾಯದ ವಾದವಾದರೂ ಸರಿಯೆ? ಇಂಧನವನ್ನು ಎಲೆಕ್ಟ್ರಾನಿಕ್ ನಿಯಂತ್ರಣದಿಂದ ಚಿಮ್ಮಿಸುವ ಈಗಿನ ಎಂಜಿನುಗಳಲ್ಲಿ, ವಾಹನವು ಗೇರಿನಲ್ಲಿದ್ದು ಆಕ್ಸಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನು ಆರಿಹೋಗದಂತೆ ಇಂಧನ ಸುರಿಯುತ್ತಲೇ ಇರಬೇಕು. ಕೀಲಿಯನ್ನೇ ಆರಿಸುವ ಮಹಾಶಯರೂ ಇದ್ದಾರೆ! ಆಗ ಬ್ರೇಕಿಗಿರುವ ನಿರ್ವಾತದ ನೆರವು ನಾಲ್ಕಾರು ಒತ್ತುಗಳಲ್ಲಿ ಮುಗಿದುಹೋಗುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ.

ಬಯಲಿನ ಊರುಗಳಲ್ಲಿ ಪರವಾನಗಿ ಬೇಡುವವನು ಎಂಟರ ಆಕಾರದಲ್ಲಿ ವಾಹನ ತಿರುಗಿಸಿ ತೋರಿಸುತ್ತಾನೆ. ಉದ್ದನೆಯ ಇಳಿಜಾರನ್ನು ಇಳಿದು ತೋರಿಸೆಂದು ಅವನನ್ನು ಯಾರೂ ಕೇಳುವುದಿಲ್ಲ. ಇದು ದೊಡ್ಡ ಲೋಪವೆಂದೇ ನನ್ನ ಮತ. ಘಟ್ಟವನ್ನು ಎಲ್ಲೆಡೆಗೂ ತರಲಾಗದು. ಆದರೆ ಮೇಲಿನ ಲೆಕ್ಕವನ್ನು ಚಾಲನಾಶಾಲೆಯ ಹಲಗೆಯ ಮೇಲೆ ಬರೆಯಲು ಅಡ್ಡಿಯೇನು? ಪ್ರವಾಸ ಹೊರಡುವ ಕಾಲೇಜಿನವರು ಬಾಡಿಗೆಯ ದರವನ್ನು ಚೌಕಾಸಿ ಮಾಡುವಾಗಲೇ ಬ್ರೇಕ್ ಆಯಿಲನ್ನು ಬದಲಿಸಿ ಎಷ್ಟು ಕಾಲವಾಯಿತೆಂದು ಕೇಳಬೇಕು. ಎರಡು ವರ್ಷ ಮೀರಿದ್ದರೆ ಬೇರೆ ಬಸ್ಸನ್ನು ನೋಡುವುದು ಒಳಿತು.

ಇಳಿಯುತ್ತಿರುವಾಗ ಸುಟ್ಟ ವಾಸನೆ ಬಂದರೆ ಹೇಳಲು ವಿದ್ಯಾರ್ಥಿಗಳು ಸಂಕೋಚಪಡಬಾರದು. ಅಗಲವಾದ ಜಾಗದಲ್ಲಿ ವಾಹನವನ್ನು ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕು ತಾನಾಗಿ ಆರುವವರೆಗೆ ಕಾಯಬೇಕು. ನೀರು ಎರಚಬಾರದು, ಕಾದ ಕಬ್ಬಿಣ ಬಿರುಕು ಬಿಟ್ಟೀತು. ಹೊರಡುವಾಗ ಆ ಕಲ್ಲನ್ನು ರಸ್ತೆಯ ಬದಿಗೆ ಎತ್ತಿಡುವ ಕೆಲಸವನ್ನು ಇಳಿದು ನಿಂತ ಹುಡುಗರಲ್ಲಿ ಒಬ್ಬರಿಗೆ ವಹಿಸಬಹುದು.