ತಣ್ಣಗಿರುವಾಗ ಕೇಳಬೇಕಾದ ಸದ್ದು

ನಮ್ಮ ಮನೆಯ ಓಮ್ನಿ 2012ರದು. ಎರಡೆಕರೆ ಅಡಿಕೆ, ನಾಲ್ಕು ದನ ಇರುವ ಮನೆಗೆ ಈ ಗಾಡಿ ಕಾರೂ ಹೌದು, ಲಾರಿಯೂ ಹೌದು. ಹಿಂದಿನ ಸೀಟು ಮಡಚಿದರೆ ಹಿಂಡಿ ಗೋಣಿ, ಬಿಡಿಸಿದರೆ ಮದುವೆಗೆ ಹೊರಟ ಸಂಸಾರ. ಅಮ್ಮನನ್ನು ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲೇ. 2019ರಲ್ಲಿ ಕಂಪೆನಿ ಓಮ್ನಿ ಮಾಡುವುದನ್ನೇ ನಿಲ್ಲಿಸಿತು. ಆದರೂ ನಮ್ಮ ಕಡೆಯ ಯಾವ ಮಣ್ಣು ರಸ್ತೆಗೆ ಹೋದರೂ ಒಂದು ಎದುರಾಗ್ತದೆ.

2024ರ ಮಳೆಗಾಲದಲ್ಲಿ ಇದಕ್ಕೊಂದು ಸದ್ದು ಹಿಡಿಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಟಿಕ್. ಹೊಲಿಗೆ ಮೆಶಿನು ತುಳಿದ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಟಿಕ್ಕೂ ಜೋರು. ಡಾಮರು ರಸ್ತೆ ಮುಟ್ಟುವಾಗ ಅರ್ಧ ಅಡಗಿರುತ್ತಿತ್ತು.

ಪೇಟೆಯ ಗ್ಯಾರೇಜು ನಮ್ಮಲ್ಲಿಂದ 14 ಕಿಲೋಮೀಟರ್. ಒಯ್ದೆ. ಸೀಟು ಎತ್ತಿ ಒಂದು ನಿಮಿಷ ಕೇಳಿದರು. "ಟ್ಯಾಪೆಟ್ ಅಣ್ಣ, ಮತ್ತೆಂತ ಇಲ್ಲ" ಎಂದು ಅಡ್ಜಸ್ಟ್ ಮಾಡಿ 400 ರೂಪಾಯಿ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಸದ್ದು ಮೊದಲಿನ ಹಾಗೆಯೇ ಇತ್ತು. ಪುನಃ ಹೋದೆ. ಈ ಸಲ ಹೇಳಿದ್ದು: "ಹಾಗಾದ್ರೆ ಹೆಡ್ ಇಳಿಸ್ಬೇಕು. ಇಳಿಸಿದ ಮೇಲೆ ರಿಂಗು ಪಿಸ್ಟನೂ ನೋಡಿಯೇ ಬಿಡುವ. ಒಂದು 22,000 ಇಟ್ಟುಕೊಳ್ಳಿ. ಇಲ್ಲದಿದ್ರೆ ಕೊಟ್ಟು ಬಿಡಿ ಮಾರಾಯ್ರೆ, ಹಳತಾಯ್ತಲ್ಲ."

22,000 ಅಂದರೆ ನಮ್ಮಂಥವರಿಗೆ ಒಂದು ವರ್ಷ ತೋಟಕ್ಕೆ ಗೊಬ್ಬರ ಹಾಕುವುದೋ ಬಿಡುವುದೋ ಎಂಬ ಲೆಕ್ಕ. "ಯೋಚನೆ ಮಾಡಿ ಹೇಳ್ತೇನೆ" ಎಂದು ಗಾಡಿ ತಿರುಗಿಸಿದೆ.

ಆ ಗ್ಯಾರೇಜಿನವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ತಪ್ಪು ನನ್ನದೇ ಹೆಚ್ಚು. ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಹೇಗೆ ನೋಡುತ್ತೇವೆ? ಯಾವ ಸೋಗೆ, ತುದಿಯಿಂದಲೋ ಬುಡದಿಂದಲೋ, ನೀರು ನಿಲ್ಲುವ ಜಾಗವೋ, ಪಕ್ಕದ ಮರ ಹೇಗಿದೆ, ಎಷ್ಟು ದಿನವಾಯ್ತು. ಇಷ್ಟು ನೋಡದೆ ಮದ್ದು ಕೇಳಲು ಹೋಗುವವ ಕೃಷಿಕನೇ ಅಲ್ಲ. ಅದೇ ನಾವು ಗಾಡಿಯ ವಿಷಯ ಬಂದಾಗ "ಒಂದು ಸೌಂಡು ಬರ್ತದೆ, ನೋಡಿ" ಎಂದು ಕೀ ಕೊಟ್ಟು ಚಾ ಕುಡಿಯಲು ಹೋಗುತ್ತೇವೆ. ಅದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದುಂಟು. ನನ್ನ ಗಾಡಿಯ ಕಾಯಿಲೆ ಇದ್ದದ್ದು ತಣ್ಣಗಿರುವಾಗ. ನಾನು ತೋರಿಸಲು ಒಯ್ದದ್ದು 14 ಕಿಲೋಮೀಟರ್ ಓಡಿ ಕಾದ ಎಂಜಿನನ್ನು. ಜ್ವರ ಬಿಟ್ಟ ಮೇಲೆ ಮಗುವನ್ನು ಡಾಕ್ಟರರ ಹತ್ತಿರ ಕರೆದೊಯ್ದ ಹಾಗಾಯಿತು.

ಎರಡು ಸದ್ದು, ಒಂದೇ ತಾಳ

ಟ್ಯಾಪೆಟ್ ಎಂದು ಅವರು ಯಾಕೆ ಹೇಳಿದರು ಎಂಬುದಕ್ಕೂ ಕಾರಣ ಉಂಟು. ಓಮ್ನಿಯದು 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್. ಪೆಟ್ರೋಲ್ ಒಂದು ಸಿಲಿಂಡರಿನಲ್ಲಿ ಉರಿಯುವುದು ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಕೂಡ ಎಂಜಿನಿನ ಅರ್ಧ ವೇಗದಲ್ಲೇ ತಿರುಗುತ್ತದೆ. ಅಂದರೆ ಒಂದು ವಾಲ್ವಿನ ಟ್ಯಾಪೆಟ್ ಸಡಿಲವಾದರೆ ಎರಡು ಸುತ್ತಿಗೊಂದು ಟಿಕ್. ಒಂದು ಸಿಲಿಂಡರಿನ ಹೊಗೆ ಸೈಲೆನ್ಸರಿಗೆ ಹೋಗುವ ಮೊದಲೇ ಸಂದಿಯಲ್ಲಿ ಹೊರಬಿದ್ದರೂ ಎರಡು ಸುತ್ತಿಗೊಂದು ಟಿಕ್. ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುವಾಗ ಎರಡೂ ಸೆಕೆಂಡಿಗೆ ಏಳೆಂಟು ಸಲ ಬರ್ತವೆ. ತಾಳ ಮಾತ್ರ ಕೇಳಿದವನಿಗೆ ಎರಡೂ ಒಂದೇ.

ವ್ಯತ್ಯಾಸ ಗೊತ್ತಾಗುವುದು ಬೇರೆ ಕಡೆಯಿಂದ. ಹೊಗೆ ಸೋರುವ ಟಿಕ್ ತಣ್ಣಗಿರುವಾಗ ಜೋರು. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಂಡು ಸದ್ದು ಇಳಿಯುತ್ತದೆ, ಕೆಲವು ಸಲ ಪೂರ್ತಿ ನಿಲ್ಲುತ್ತದೆ. ಏರಿನಲ್ಲಿ ಭಾರ ಬಿದ್ದಾಗ ಹೆಚ್ಚಾಗುತ್ತದೆ. ಟ್ಯಾಪೆಟ್ ಸದ್ದು ಹಾಗಲ್ಲ. ಭಾರ ಇದ್ದರೂ ಇಲ್ಲದಿದ್ದರೂ ಹೆಚ್ಚುಕಮ್ಮಿ ಒಂದೇ ರೀತಿ, ಮೇಲಿನ ಮುಚ್ಚಳದ ಅಡಿಯಿಂದ, ಲೋಹಕ್ಕೆ ಲೋಹ ತಾಗಿದ ಹಾಗೆ ಬರುತ್ತದೆ. ಹೊಗೆಯ ಟಿಕ್ ಕಿವಿ ಹತ್ತಿರ ತಂದರೆ "ಪಿಚ್ ಪಿಚ್" ಎನ್ನುತ್ತದೆ.

ಇನ್ನೊಂದು ಸಂಗತಿ. ಹೊಸ ಪೆಟ್ರೋಲ್ ಗಾಡಿಗಳಲ್ಲಿ ಇಂಜೆಕ್ಟರುಗಳೂ ಸಣ್ಣಕ್ಕೆ ಟಿಕ್ ಟಿಕ್ ಅನ್ನುತ್ತವೆ. ಅದು ರೋಗವಲ್ಲ, ಅವುಗಳ ಸ್ವಭಾವ. ಇನ್ನು, ಗಾಡಿ ಓಡುವಾಗ ಮಾತ್ರ ಬರುವ ಟಿಕ್ ಎಂಜಿನಿನದ್ದಾಗಿರಲೇಬೇಕೆಂದಿಲ್ಲ. ನಮ್ಮ ಭಾವ ಒಂದು ವಾರ ತಲೆ ಕೆಡಿಸಿಕೊಂಡ ಟಿಕ್, ಟಯರಿನ ಗೆರೆಯಲ್ಲಿ ಸಿಕ್ಕಿದ ಜಲ್ಲಿಕಲ್ಲಿನದ್ದಾಗಿತ್ತು!

ಒಂದು ಮೊಳ ಪೈಪು

ಮನೆಗೆ ಬಂದವನು ಆ ರಾತ್ರಿ ಗಾಡಿ ಮುಟ್ಟಲಿಲ್ಲ. ಬೆಳಿಗ್ಗೆ ದನ ಕರೆದು ಬಂದು ಮೊದಲು ಆಯಿಲ್ ನೋಡಿದೆ. ಸಮತಟ್ಟಾದ ಅಂಗಳದಲ್ಲಿ, ಎಂಜಿನ್ ನಿಲ್ಲಿಸಿ ಆಯಿಲ್ ಕೆಳಗಿಳಿದ ಮೇಲೆ ಕಡ್ಡಿ ಒರೆಸಿ ಅದ್ದಿ ನೋಡಬೇಕು. ಆಯಿಲ್ ಕಮ್ಮಿಯಾದರೆ ಮೇಲಿನ ಭಾಗಗಳಿಗೆ ಸರಿಯಾಗಿ ತಲುಪದೆ ಟಿಕ್ ಬರುವುದುಂಟು. ಖರ್ಚಿಲ್ಲದ ಪರೀಕ್ಷೆ ಇದು. ಆದರೆ ಹೆಚ್ಚಿನವರು ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ನನ್ನ ಗಾಡಿಯಲ್ಲಿ ಅದು ಸರಿ ಇತ್ತು.

ಮತ್ತೆ ಪಿಚಕಾರಿಗೆ ಇಟ್ಟಿದ್ದ ಅರ್ಧ ಇಂಚಿನ ಹಳೆ ಪೈಪಿನಿಂದ ಒಂದು ಮೊಳ ತುಂಡು ಮಾಡಿದೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನಿನ ಅಲ್ಲಲ್ಲಿ, ತಾಗಿಸದೆ ಹತ್ತಿರ ಹಿಡಿಯುವುದು. ಡಾಕ್ಟರರ ಕೊಳವೆಯ ಹಾಗೆಯೇ. ಉದ್ದದ ಸ್ಕ್ರೂಡ್ರೈವರಿನ ತುದಿ ಎಂಜಿನಿಗೆ ಒತ್ತಿ ಹಿಡಿ ಕಿವಿಗೆ ಇಟ್ಟರೆ ಒಳಗಿನ ಲೋಹದ ಸದ್ದು ಕೇಳುತ್ತದೆ. ಪೈಪು ಗಾಳಿಯ ಸದ್ದು ಹಿಡಿಯಲು ಒಳ್ಳೆಯದು. ಪಂಚೆ ಎತ್ತಿ ಕಟ್ಟಿ, ಶಾಲು ತೆಗೆದಿಟ್ಟು ಈ ಕೆಲಸ ಮಾಡಿ. ತಿರುಗುವ ಬೆಲ್ಟಿಗೆ ಬಟ್ಟೆಯ ತುದಿ ಸಿಕ್ಕಿದರೆ ಮತ್ತೆ ಸದ್ದು ಹುಡುಕುವ ಅಗತ್ಯವೇ ಬರಲಿಕ್ಕಿಲ್ಲ.

ಮಗ ಸ್ಟಾರ್ಟ್ ಮಾಡಿದ. ಮೇಲಿನ ಮುಚ್ಚಳದ ಹತ್ತಿರ ಪೈಪು ಹಿಡಿದರೆ ಸಾಧಾರಣ ಸದ್ದು. ಹೊಗೆ ಕೊಳವೆ ಎಂಜಿನಿಗೆ ಸೇರುವಲ್ಲಿ ಹಿಡಿದಾಗ ಕಿವಿಗೆ ಹೊಡೆದ ಹಾಗೆ, ಪಿಚ್ ಪಿಚ್ ಪಿಚ್. ಮನೆಯವಳು ಒದ್ದೆ ಗೋಣಿ ತುಂಡನ್ನು ಸೈಲೆನ್ಸರ್ ಬಾಯಿಗೆ ಒಂದು ಕ್ಷಣ ಅರೆವಾಸಿ ಒತ್ತಿ ಹಿಡಿದಳು. ಸದ್ದು ಇನ್ನೂ ಏರಿತು. ಅಲ್ಲಿ ತಡೆದ ಹೊಗೆ ಇಲ್ಲಿ ದಾರಿ ಮಾಡಿಕೊಂಡಿತು. ಟಾರ್ಚ್ ಬಿಟ್ಟು ನೋಡಿದರೆ ಗ್ಯಾಸ್ಕೆಟಿನ ಅಂಚಿನಲ್ಲಿ ಬೆರಳಗಲ ಕಪ್ಪು ಮಸಿ. ಒಂದು ಬೋಲ್ಟಿನ ತಲೆಯೇ ಇಲ್ಲ, ಇನ್ನೊಂದರ ನಟ್ಟು ಕೈಯಲ್ಲೇ ತಿರುಗುತ್ತಿತ್ತು.

ಇದು ಗಾಡಿ ಮಾಡಿದವರ ದೋಷವಲ್ಲ. ಹನ್ನೆರಡು ಮಳೆಗಾಲ, ನಮ್ಮ ಮನೆಯ ರಸ್ತೆ, ಮೇಲಿಂದ ಕಾದು ತಣಿದು ಕಾದು ತಣಿದು. ಕಬ್ಬಿಣವಾದರೂ ಎಷ್ಟು ತಡೆದೀತು?

ಅಮ್ಮನ ತಲೆನೋವು

ಬರೆಯಲು ಹೊರಟದ್ದೇ ಈ ಭಾಗಕ್ಕಾಗಿ. ಆ ಮಳೆಗಾಲ ಪೂರ್ತಿ ಅಮ್ಮ ಆಸ್ಪತ್ರೆಗೆ ಹೋಗಿ ಬಂದ ದಿನವೆಲ್ಲ "ತಲೆ ಸಿಡೀತದೆ, ಹೊಟ್ಟೆ ತೊಳಸ್ತದೆ" ಎನ್ನುತ್ತಿದ್ದಳು. ನಾವು ತಿರುವು ರಸ್ತೆ, ಪ್ರಾಯ, ಖಾಲಿ ಹೊಟ್ಟೆ ಎಂದೆಲ್ಲ ಕಾರಣ ಹೇಳಿದೆವು. ನಿಂಬೆಹುಳಿ ಕೈಯಲ್ಲಿ ಹಿಡಿಸಿ ಕಳಿಸಿದೆವು. ಮಳೆ ಎಂದು ಗಾಜು ಪೂರ್ತಿ ಏರಿಸಿರುತ್ತಿದ್ದೆವು. ಅಮ್ಮ ಕೂರುವುದು ಎದುರಿನ ಸೀಟಿನಲ್ಲಿ. ಓಮ್ನಿಯ ಎಂಜಿನ್ ಇರುವುದೇ ಎದುರಿನ ಸೀಟಿನ ಅಡಿ. ನೋಡಿದರೆ ಸೀಟಿನಡಿಯ ಮುಚ್ಚಳದ ರಬ್ಬರ್ ಪಟ್ಟಿಯನ್ನು ಇಲಿ ಕಡಿದು ಹಾಕಿತ್ತು.

ಎಂಜಿನಿನಿಂದ ಹೊರಬೀಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತದೆ, ಬೇಗ ಏಳುವುದೂ ಇಲ್ಲ. ತಲೆನೋವು, ವಾಕರಿಕೆ, ತಲೆತಿರುಗು ಇದರ ಮೊದಲ ಗುರುತು. ಹೆಚ್ಚಾದರೆ ಎಚ್ಚರ ತಪ್ಪುತ್ತದೆ, ಜೀವವೂ ಹೋಗುತ್ತದೆ. ಅಮ್ಮನ ತಲೆನೋವಿಗೆ ಇದೇ ಕಾರಣ ಎಂದು ಯಾವ ಡಾಕ್ಟರೂ ಬರೆದು ಕೊಟ್ಟಿಲ್ಲ. ಆದರೆ ರಿಪೇರಿಯಾದ ಮೇಲೆ ಅಮ್ಮ ನಿಂಬೆಹುಳಿ ಕೇಳಲಿಲ್ಲ.

ಗ್ಯಾರೇಜಿನ ಮಾತು ಕೇಳಿ ಹೆಡ್ ಇಳಿಸಿದ್ದರೆ ಆ ಗ್ಯಾಸ್ಕೆಟೂ ಬದಲಾಗಿ ಸದ್ದು ಹೋಗುತ್ತಿತ್ತೋ ಏನೋ. 22,000 ಕೊಟ್ಟು, ಎಂಜಿನ್ ಹಾಳಾಗಿತ್ತು ಎಂದೇ ನಂಬಿಕೊಂಡು ಇರುತ್ತಿದ್ದೆ. ಅದಕ್ಕಿಂತ ಹೆದರಿಕೆಯ ಸಂಗತಿ ಎಂದರೆ, "ಹಳೆ ಗಾಡಿ, ಟಿಕ್ ಅಂದರೆ ಅನ್ನಲಿ" ಎಂದು ಬಿಟ್ಟುಬಿಡುವುದು. ಹಾಗೆ ಓಡಿಸುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಬಾಯಿ ಮುಚ್ಚಿಸುವ ಚಟ

ಇನ್ನೊಂದು ಜಾತಿಯವರಿದ್ದಾರೆ. ಅವರಿಗೆ ಸದ್ದು ನಿಂತರೆ ಸಾಕು, ಕಾರಣ ಬೇಡ. ದಪ್ಪದ ಆಯಿಲ್ ಹಾಕುತ್ತಾರೆ, ಅಂಗಡಿಯಲ್ಲಿ ಸಿಗುವ ಯಾವುದೋ ಡಬ್ಬಿ ಸುರಿಯುತ್ತಾರೆ, ಟ್ಯಾಪೆಟ್ ಬಿಗಿ ಮಾಡಿಸುತ್ತಾರೆ. ನಾನೂ ಆ ಜಾತಿಯವನೇ ಆಗಿದ್ದೆ. ನನಗೆ ಪಾಠವಾದದ್ದು 1996ರ ಏಪ್ರಿಲಿನಲ್ಲಿ. ಆಗ ನಮ್ಮದು ಡೀಸೆಲ್ ಪಂಪು. ಟಿಕ್ ಟಿಕ್ ಕೇಳಿ ಕೇಳಿ ಬೇಸರವಾಗಿ, ಸ್ಪ್ಯಾನರ್ ಹಿಡಿದು ಟ್ಯಾಪೆಟನ್ನು ಬಿಗಿ ಮಾಡಿದೆ. ಸದ್ದು ಸಂಪೂರ್ಣ ನಿಂತಿತು. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿದೆ. ಹತ್ತೇ ದಿನದಲ್ಲಿ ಪಂಪು ಸ್ಟಾರ್ಟ್ ಆಗಲಿಲ್ಲ. ಬಿಚ್ಚಿದರೆ ಹೊಗೆ ವಾಲ್ವಿನ ಅಂಚು ಸುಟ್ಟು ಕಚ್ಚಿಹೋಗಿತ್ತು. ರಿಪೇರಿ ಆಗುವವರೆಗೆ ಒಂಬತ್ತು ದಿನ ತೋಟಕ್ಕೆ ನೀರಿಲ್ಲ. ಆ ವರ್ಷ ಉದುರಿದ ಎಳೆಕಾಯಿಯನ್ನು ಅಪ್ಪ ಬುಟ್ಟಿಯಲ್ಲಿ ಹೆಕ್ಕಿ ತಂದು ನನ್ನೆದುರು ಸುರಿದರೇ ಹೊರತು ಬಾಯಿಬಿಟ್ಟು ಏನೂ ಹೇಳಲಿಲ್ಲ.

ಆದದ್ದೇನೆಂದರೆ, ವಾಲ್ವ್ ಕಾದಾಗ ಉದ್ದವಾಗುತ್ತದೆ. ಅದಕ್ಕೆಂದೇ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಸಂದಿ ಬಿಟ್ಟಿರುತ್ತಾರೆ. ಸಂದಿ ಇಲ್ಲದಿದ್ದರೆ ಕಾದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದೇ ಮುಚ್ಚಿದಾಗ, ಕೂರುವ ಜಾಗಕ್ಕೆ ತಾಗಿ. ಅದು ಆಗದೆ, ಉರಿ ಅಂಚಿನಲ್ಲೇ ನುಗ್ಗಿ ಸುಡುತ್ತದೆ. ಹಾಗಾಗಿ ಸ್ವಲ್ಪ ಸದ್ದು ಮಾಡುವ ಟ್ಯಾಪೆಟಿಗಿಂತ ಸದ್ದೇ ಇಲ್ಲದ ಬಿಗಿ ಟ್ಯಾಪೆಟಿಗೆ ನಾನು ಹೆಚ್ಚು ಹೆದರುತ್ತೇನೆ. ಅಂದಾಜಿನಲ್ಲಿ ತಿರುಗಿಸಬೇಡಿ. ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಹೊಗೆ ವಾಲ್ವಿಗೂ ಗಾಳಿ ವಾಲ್ವಿಗೂ ಬೇರೆ ಬೇರೆ ಇರಬಹುದು, ತಣ್ಣಗಿರುವಾಗಲೋ ಕಾದಾಗಲೋ ಎಂಬುದನ್ನೂ ನೋಡಬೇಕು. ಫೀಲರ್ ಗೇಜ್ ಇಲ್ಲದೆ ಟ್ಯಾಪೆಟಿಗೆ ಕೈ ಹಾಕುವ ಮೆಕ್ಯಾನಿಕ್ ಆದರೆ ಗಾಡಿ ವಾಪಸು ತನ್ನಿ.

ಟಿಕ್ ಅಲ್ಲದೆ ತಳದಿಂದ ಡಕ್ ಡಕ್ ಎಂದು ದಪ್ಪ ಸದ್ದು ಬಂದರೆ, ಅಥವಾ ಆಯಿಲಿನ ಕೆಂಪು ದೀಪ ಓಡುವಾಗ ಹೊತ್ತಿದರೆ ಅದು ಬೇರೆಯೇ ಕಥೆ. ಪೈಪು ಹಿಡಿದು ಕೂರಬೇಡಿ. ಅಲ್ಲೇ ಎಂಜಿನ್ ನಿಲ್ಲಿಸಿ, ಗಾಡಿ ಎಳೆಸಿ ಒಯ್ಯಿರಿ.

ರಿಪೇರಿ ನಾನು ಮಾಡಲಿಲ್ಲ. ತುಂಡಾದ ಬೋಲ್ಟ್ ತೆಗೆಯುವುದು ಮನೆಯಂಗಳದ ಕೆಲಸವಲ್ಲ. ನಮ್ಮೂರಲ್ಲೇ ಸಣ್ಣ ಶೆಡ್ ಹಾಕಿಕೊಂಡ ಒಬ್ಬ ಹುಡುಗನಲ್ಲಿಗೆ ಸಂಜೆಯೇ ಗಾಡಿ ಒಯ್ದು ಬಿಟ್ಟು ಬಂದೆ. "ಬೆಳಿಗ್ಗೆ ನಾನು ಬರುವವರೆಗೆ ಸ್ಟಾರ್ಟ್ ಮಾಡ್ಬೇಡ ಮಾರಾಯ" ಎಂದು ಹೇಳಿಯೇ ಬಂದದ್ದು. ಬೆಳಿಗ್ಗೆ ತಣ್ಣನೆ ಎಂಜಿನಿನ ಸದ್ದು ಇಬ್ಬರೂ ಕೇಳಿದೆವು. ಅವನು ಒಂದೊಂದೇ ಪ್ಲಗ್ಗಿನ ವಯರ್ ಸ್ವಲ್ಪ ಹೊತ್ತು ಕಳಚಿ ನೋಡಿದ. ಒಂದನ್ನು ಕಳಚಿದಾಗ ಟಿಕ್ ಸುಮಾರು ನಿಂತೇಹೋಯಿತು. ಆ ಸಿಲಿಂಡರಿನಲ್ಲಿ ಉರಿ ಇಲ್ಲ, ಹೊರನುಗ್ಗುವ ಒತ್ತಡವೂ ಇಲ್ಲ. ಟ್ಯಾಪೆಟ್ ಆಗಿದ್ದರೆ ವಯರ್ ಕಳಚಿದರೂ ಟಿಕ್ ಹಾಗೇ ಇರಬೇಕಿತ್ತು. ಇದನ್ನು ನಾವು ಮಾಡಲು ಹೋಗುವುದು ಬೇಡ, ಶಾಕ್ ಹೊಡೆಯುತ್ತದೆ.

ಬೋಲ್ಟ್ ತೆಗೆಯಲು ಅರ್ಧ ದಿನ ಹಿಡಿಯಿತು. ಕೊಳವೆಯ ಮುಖ ಬಾಗಿದೆಯೋ ಎಂದು ಸರಳ ಪಟ್ಟಿ ಇಟ್ಟು ನೋಡಿ, ಹೊಸ ಗ್ಯಾಸ್ಕೆಟ್, ಹೊಸ ನಟ್ಟು ಬೋಲ್ಟ್ ಹಾಕಿದ. ಸೀಟಿನಡಿಯ ರಬ್ಬರ್ ಪಟ್ಟಿಯೂ ಹೊಸತು. ಎಲ್ಲ ಸೇರಿ 1,350 ರೂಪಾಯಿ. ಒಂದು ವಾರ ಬಿಟ್ಟು ಪುನಃ ಕರೆದು ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿದ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಬಾಳೆಗೊನೆ ಕೊಟ್ಟು ಬಂದೆ.

ಹಳೆ ಗ್ಯಾಸ್ಕೆಟನ್ನು ಎಸೆಯಲಿಲ್ಲ. ಹೊಗೆ ದಾರಿ ಮಾಡಿಕೊಂಡ ಕಪ್ಪು ಗೆರೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಪಂಪು ಶೆಡ್ಡಿನ ಮೊಳೆಯಲ್ಲಿ, ಆ ಒಂದು ಮೊಳ ಪೈಪಿನ ಪಕ್ಕವೇ ನೇತು ಹಾಕಿದ್ದೇನೆ. ನೋಡಬೇಕೆನ್ನುವವರು ಬಂದರೆ ತೋರಿಸ್ತೇನೆ, ಪೈಪು ಬೇಕಾದರೆ ಒಯ್ಯಲೂಬಹುದು.