ಬೀದಿಗೆ ಬಾಗಿಲೇಕೆ?

ಮನೆಗೆ ಬಾಗಿಲಿರುವುದು ಸಹಜ. ಕೊಟ್ಟಿಗೆಗೂ ಬಾಗಿಲುಂಟು, ಹಿತ್ತಿಲಿಗೂ ಬಿದಿರಿನದೊಂದು ತಡಿಕೆಯಾದರೂ ಉಂಟು. ಬೆಳೆದು ನಿಂತ ಪೈರಿಗೆ ಬೇಲಿ ಕಟ್ಟುವ ರೈತನನ್ನು ಸ್ವಾರ್ಥಿಯೆಂದು ಯಾರೂ ಜರಿಯುವುದಿಲ್ಲ. ತನ್ನದನ್ನು ತಾನು ಕಾಯ್ದುಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಆದರೆ ಬೀದಿಗೇ ಬಾಗಿಲನ್ನಿಟ್ಟು, ಅದಕ್ಕೊಬ್ಬ ಕಾವಲುಗಾರನನ್ನು ನಿಲ್ಲಿಸಿ, ಹೋಗಿಬರುವವರನ್ನೆಲ್ಲ 'ಯಾರು ನೀನು? ಯಾರ ಮನೆಗೆ? ಏನು ಕೆಲಸ?' ಎಂದು ಕೇಳತೊಡಗಿದರೆ ಅದನ್ನು ಏನೆಂದು ಕರೆಯೋಣ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನ ಹೊರವಲಯವನ್ನು ಕಂಡವರಿಗೆ ಈ ನೋಟವು ಹೊಸದಲ್ಲ. ಸರ್ಜಾಪುರ ರಸ್ತೆಯಲ್ಲಾಗಲಿ, ವೈಟ್‌ಫೀಲ್ಡಿನ ಕಡೆಗಾಗಲಿ, ಕನಕಪುರ ರಸ್ತೆಯಲ್ಲಾಗಲಿ ಹೊಸ ಬಡಾವಣೆಯೊಂದು ಎದ್ದಿತೆಂದರೆ ಮೊದಲು ಕಾಣುವುದು ಒಂದು ಕಮಾನು. ಅದರ ಕೆಳಗೆ ಏರಿಳಿಯುವ ಅಡ್ಡಗೋಲು. ಪಕ್ಕದಲ್ಲಿ ಗೂಡಿನಂಥ ಒಂದು ಕೋಣೆ. ಅದರಲ್ಲಿ ದಪ್ಪನೆಯ ರಿಜಿಸ್ಟರು, ದಾರ ಕಟ್ಟಿದ ಪೆನ್ನು. ಬಡಾವಣೆಯ ಹೆಸರು ಬಹುಮಟ್ಟಿಗೆ ಇಂಗ್ಲಿಷಿನದು, ಕೆಲವೊಮ್ಮೆ ಇಟಲಿಯದು. (ನಮ್ಮ ರಾಗಿಹೊಲಗಳ ಮೇಲೆ ಇಟಲಿಯ ಊರುಗಳು ಯಾವಾಗ ಬಂದು ನೆಲೆಸಿದವೋ ತಿಳಿಯದು!) ಇಂಥ ಗೇಟನ್ನು ತೆಗೆಯಬೇಕೆಂದು ನೆರೆಯ ಹಳ್ಳಿಯವರೋ ಪಾಲಿಕೆಯವರೋ ಕೇಳಿದಾಗ ನಿವಾಸಿಗಳ ಸಂಘವು ಸಭೆ ಸೇರುತ್ತದೆ, ಮನವಿ ಬರೆಯುತ್ತದೆ, ವಕೀಲರನ್ನು ಗೊತ್ತುಮಾಡುತ್ತದೆ. ಗೇಟನ್ನು ಉಳಿಸಿಕೊಳ್ಳಲು ಅವರು ತೋರುವ ಒಗ್ಗಟ್ಟನ್ನು ಕಂಡರೆ ಯಾರಿಗಾದರೂ ಆಶ್ಚರ್ಯವಾದೀತು.

ಅವರ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. ಬಡಾವಣೆಯ ಎಷ್ಟೋ ಮನೆಗಳಲ್ಲಿ ವಯಸ್ಸಾದ ದಂಪತಿಗಳಿಬ್ಬರೇ ಇದ್ದಾರೆ. ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇದ್ದಾರೆ. ಬೆಳಗಿನ ಹೊತ್ತು ಗಾಳಿ ಸೇವನೆಗೆ ಹೊರಟ ಹೆಂಗಸಿನ ಕೊರಳಿನ ಸರವನ್ನು ಬೈಕಿನಲ್ಲಿ ಬಂದವರು ಕಿತ್ತೊಯ್ದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ದೊಡ್ಡ ರಸ್ತೆಯಲ್ಲಿ ವಾಹನಗಳು ಒತ್ತಿನಿಂತಾಗ, ಮೊಬೈಲಿನ ನಕ್ಷೆಯನ್ನು ನಂಬಿದ ಕಾರುಗಳೆಲ್ಲ ಮಕ್ಕಳು ಆಡುವ ಓಣಿಗೆ ನುಗ್ಗುತ್ತವೆ. 'ನಾವು ತೆರಿಗೆ ಕೊಡುತ್ತೇವೆ. ಆದರೂ ಪೊಲೀಸರ ಗಸ್ತು ಕಾಣೆವು. ನಮ್ಮ ಹಣದಿಂದ ನಾವೇ ಕಾವಲು ಇಟ್ಟುಕೊಂಡರೆ ಯಾರ ಗಂಟು ಹೋಯಿತು?' ಎಂದು ಅವರು ಕೇಳುತ್ತಾರೆ. ಇವು ಹುಸಿ ಮಾತುಗಳಲ್ಲ. ಹೆದರಿದವರನ್ನು ನೋಡಿ ನಗುವುದು ಸುಲಭ. ರಾತ್ರಿ ಒಬ್ಬಂಟಿಯಾಗಿ ಮಲಗಿರುವ ಎಪ್ಪತ್ತು ವರ್ಷದ ಮುದುಕಿಗೆ ನಮ್ಮ ನಗೆಯಿಂದ ಆಗಬೇಕಾದದ್ದೇನೂ ಇಲ್ಲ.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಒಂದೇ ನಿವೇಶನದಲ್ಲಿ ಕಟ್ಟಿದ ಅಪಾರ್ಟ್‌ಮೆಂಟಿನ ಆವರಣವು ಅದರ ಮಾಲೀಕರೆಲ್ಲರ ಜಂಟಿ ಸ್ವತ್ತು. ಅದಕ್ಕೆ ಗೇಟಿಟ್ಟರೆ ಅದು ದೊಡ್ಡ ಮನೆಯೊಂದಕ್ಕೆ ಬಾಗಿಲಿಟ್ಟಂತೆ. ಅದರ ಬಗೆಗೆ ನನ್ನ ತಕರಾರಿಲ್ಲ. ಬಡಾವಣೆಯ ಮಾತು ಬೇರೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಭೂಮಿಯನ್ನು ನಿವೇಶನಗಳಾಗಿ ಒಡೆಯುವವನು ನಕ್ಷೆಗೆ ಮಂಜೂರಾತಿ ಪಡೆಯಬೇಕು. ಹಾಗೆ ಮಂಜೂರಾದ ಬಡಾವಣೆಯಲ್ಲಿ ರಸ್ತೆಗಳನ್ನು ಸಾರ್ವಜನಿಕ ಸಂಸ್ಥೆಗೆ ಬಿಟ್ಟುಕೊಡುವುದು ರೂಢಿಯಲ್ಲಿರುವ ಕ್ರಮ. ಬಿಟ್ಟುಕೊಟ್ಟ ಮೇಲೆ ಆ ರಸ್ತೆಯು ಬಡಾವಣೆಯವರದೂ ಹೌದು, ನಮ್ಮದೂ ಹೌದು. ಅದಕ್ಕೆ ಡಾಂಬರು ಹಾಕಿಸಬೇಕಾದಾಗ 'ಇದು ಪಾಲಿಕೆಯ ರಸ್ತೆ' ಎಂದು ಅರ್ಜಿ ಬರೆಯುವ ಸಂಘವೇ, ನಾವು ನಡೆಯಹೋದಾಗ 'ಇದು ಖಾಸಗಿ ರಸ್ತೆ' ಎಂದು ಫಲಕ ತೂಗುಹಾಕುವುದು ಯಾವ ತರ್ಕವೋ ನಾನರಿಯೆ. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆಯೂ ಈ ಪ್ರಶ್ನೆ ಬಂದಿದೆ. ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ರಸ್ತೆಯಲ್ಲಿ ಜನರ ಓಡಾಟವನ್ನು ತಡೆಯುವ ಅಧಿಕಾರ ನಿವಾಸಿಗಳಿಗಿಲ್ಲವೆಂದು ಅದು ಹೇಳಿದೆ. ಹಾಗಿದ್ದೂ ಗೇಟುಗಳೇನೂ ಕಡಿಮೆಯಾದಂತೆ ಕಾಣುವುದಿಲ್ಲ.

ಈ ಗೇಟುಗಳ ವಿಚಾರವನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ನಮ್ಮ ತಂದೆಯವರು ಒಂಬತ್ತು ವರ್ಷಗಳಿಂದ ಇಂಥದೊಂದು ಗೇಟಿನಲ್ಲಿ ಕಾವಲಿದ್ದಾರೆ. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ, ಹನ್ನೆರಡು ಗಂಟೆಯ ಪಾಳಿ. ಅವರು ಹೇಳುವ ಪ್ರಕಾರ ಗೇಟಿನ ನಿಯಮ ಬಹಳ ಸರಳ: ಗಾಜಿನ ಮೇಲೆ ಚೀಟಿ ಅಂಟಿಸಿದ ಕಾರಿಗೆ ಅಡ್ಡಗೋಲನ್ನು ಎತ್ತಬೇಕು, ಚೀಟಿಯಿಲ್ಲದಿದ್ದರೂ ಕಾರು ದೊಡ್ಡದಾಗಿದ್ದರೆ ಎತ್ತಿ, ಸಲಾಮು ಹಾಕಬೇಕು. ಬೈಕಿನವನನ್ನು ನಿಲ್ಲಿಸಬೇಕು. ಕಾಲ್ನಡೆಯಲ್ಲಿ ಬಂದವನನ್ನು ನಿಲ್ಲಿಸಿ, ಬರೆಯಿಸಿಕೊಂಡು, ಮನೆಗೆ ಫೋನು ಮಾಡಿ ಕೇಳಬೇಕು. ಕಾರು ದೊಡ್ಡದಾದಷ್ಟೂ ಪ್ರಶ್ನೆ ಚಿಕ್ಕದಾಗುತ್ತದೆಯೆಂದು ಅವರು ನಗುತ್ತಾರೆ. ಕಳ್ಳನು ಕಾರಿನಲ್ಲಿ ಬರಲಾರನೆಂದು ಈ ನಿಯಮವನ್ನು ಮಾಡಿದವರಿಗೆ ಹೇಳಿದವರು ಯಾರು?

ನಮ್ಮ ತಾಯಿಯವರು ನಮ್ಮ ಹಳ್ಳಿಯ ಪಕ್ಕದ ಇನ್ನೊಂದು ಬಡಾವಣೆಯಲ್ಲಿ ಎರಡು ಮನೆಗಳ ಕೆಲಸ ಮಾಡುತ್ತಾರೆ. ಹಿಂದೆ ಹಳ್ಳಿಯಿಂದ ಕೆರೆಯ ಕಡೆಗೆ ಹೋಗುತ್ತಿದ್ದ ಗಾಡಿದಾರಿಯೇ ಈಗ ಆ ಬಡಾವಣೆಯ ಮೂರನೆಯ ಅಡ್ಡರಸ್ತೆ. ಅದರ ಕೊನೆಯಲ್ಲೊಂದು ಹಿಂಬದಿಯ ಗೇಟಿದೆ. ನಮ್ಮ ಮನೆಯಿಂದ ಅಲ್ಲಿಗೆ ಇನ್ನೂರು ಹೆಜ್ಜೆ. ಆ ಗೇಟಿಗೆ ಬೀಗ ಬಿದ್ದು ನಾಲ್ಕು ವರ್ಷವಾಯಿತು. ಮುಂಬಾಗಿಲಿಗೆ ಸುತ್ತಿ ಬರಲು ಒಂದೂವರೆ ಕಿಲೋಮೀಟರು. ಆರು ಗಂಟೆಗೆ ಪಾತ್ರೆ ತೊಳೆಯಲು ಹೋಗಬೇಕಾದ ಹೆಂಗಸರು ಕತ್ತಲಲ್ಲೇ, ದೀಪವಿಲ್ಲದ ದೊಡ್ಡ ರಸ್ತೆಯ ಅಂಚಿನಲ್ಲಿ, ಲಾರಿಗಳ ಬದಿಗೆ ನಡೆದುಹೋಗುತ್ತಾರೆ. ಒಳಗಿನವರ ಸುರಕ್ಷತೆಗಾಗಿ ಇಟ್ಟ ಬಾಗಿಲು ಹೊರಗಿನವರನ್ನು ಅಪಾಯಕ್ಕೆ ದೂಡುತ್ತದೆಯೆಂಬುದು ಸಂಘದ ಸಭೆಯಲ್ಲಿ ಯಾರಿಗೂ ಹೊಳೆದಂತಿಲ್ಲ. ಹೊಳೆಯುವುದಾದರೂ ಹೇಗೆ? ಆ ರಸ್ತೆಯಲ್ಲಿ ನಡೆಯುವವರಾರೂ ಆ ಸಭೆಯ ಸದಸ್ಯರಲ್ಲ. ಮುಂಬಾಗಿಲಿನಲ್ಲಿ ತಾಯಿಯವರು ಬಂದ ಹೊತ್ತು, ಹೋದ ಹೊತ್ತು ಒಂದು ಆ್ಯಪಿನಲ್ಲಿ ದಾಖಲಾಗಿ ಮಾಲೀಕರ ಮೊಬೈಲಿಗೆ ಹೋಗುತ್ತದೆ. ಕೆಲಸದವರಿಗೆ ಅಂಕಗಳನ್ನೂ ಅದರಲ್ಲಿ ಕೊಡುತ್ತಾರೆ. ಆ ಮನೆಯ ಹುಡುಗಿಯೊಬ್ಬಳು ಒಮ್ಮೆ ತೋರಿಸಿದಳಂತೆ. ತಾಯಿಯವರಿಗೆ ಓದು ಬಾರದು. ತಮ್ಮ ಚಿತ್ರದ ಕೆಳಗೆ ನಕ್ಷತ್ರಗಳು ಮೂರೇ ಇದ್ದವೆಂದು ಎಣಿಸಿಕೊಂಡು ಬಂದರು.

ಬೀದಿಗೆ ಬಾಗಿಲಿಡುವ ಚಾಳಿ ಇಂದಿನದಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಗೂ ಸುತ್ತ ಕೋಟೆಯಿತ್ತು, ದಿಕ್ಕಿಗೊಂದು ಬಾಗಿಲಿತ್ತು. ಅದು ದಂಡು ದಾಳಿಗಳ ಕಾಲ. ಆ ಗೋಡೆ ಬಿದ್ದು ಎಷ್ಟೋ ಕಾಲವಾಯಿತು. ಹಲಸೂರು ಗೇಟ್ ಎಂಬ ಹೆಸರು ಮಾತ್ರ ಉಳಿದಿದೆ. ಪ್ಲೇಗಿನ ಭಯದಿಂದ ಜನ ಪೇಟೆಯನ್ನು ಬಿಟ್ಟೋಡಿದ 1898ರಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ನಿರ್ಮಿಸಿದಾಗಲೂ ಅಗಲವಾದ ಬೀದಿಗಳನ್ನು ಹಾಕಿದರೇ ಹೊರತು ಬೀದಿಯ ಬಾಯಿಗೆ ಬೀಗ ಹಾಕಲಿಲ್ಲ. ಪ್ಲೇಗಿಗಿಂತ ದೊಡ್ಡ ಭಯ ಇಂದು ಯಾವುದಿದೆ?

ಹೊರದೇಶಗಳಲ್ಲಿಯೂ ಈ ಜಗಳ ನಡೆದಿದೆ. ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ಬೆಡ್‌ಫರ್ಡ್ ಡ್ಯೂಕನ ಜಮೀನಿನ ಬೀದಿಗಳಿಗೆ ಗೇಟುಗಳಿದ್ದವು. ಸಮವಸ್ತ್ರದ ಕಾವಲುಗಾರರು ಸಾಮಾನಿನ ಗಾಡಿಗಳನ್ನು ಹಿಂದಕ್ಕೆ ಅಟ್ಟುತ್ತಿದ್ದರು. ಹತ್ತಿರದ ಯೂಸ್ಟನ್ ರೈಲು ನಿಲ್ದಾಣಕ್ಕೆ ಹೋಗುವವರಿಗೂ ಇದು ಅಡಚಣೆಯಾಗಿತ್ತು. ನಮ್ಮ ಬೀದಿಯ ನೆಮ್ಮದಿ ಹಾಳಾದೀತೆಂಬುದೇ ಅಲ್ಲಿಯ ವಾದವೂ ಆಗಿತ್ತು. ಕೊನೆಗೆ 1890ರಲ್ಲಿ ಮತ್ತು 1893ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿಯೇ ಗೇಟುಗಳನ್ನು ತೆಗೆಸಬೇಕಾಯಿತು. ಇಂದು ಆ ಬೀದಿಗಳಲ್ಲಿ ಯಾರು ಬೇಕಾದರೂ ನಡೆಯಬಹುದು.

ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಕಥೆ ಇನ್ನೂ ಕಷ್ಟದ್ದು. ಅಲ್ಲಿ ಕಪ್ಪು ಜನರು ಪಾಸು ಪುಸ್ತಕವನ್ನು ಹೊತ್ತೇ ನಡೆಯಬೇಕಾಗಿದ್ದ ಕಾನೂನು 1986ರವರೆಗೂ ಇತ್ತು. ಅದು ಹೋದ ಮೇಲೆ, ಕೊಲೆ ದರೋಡೆಗಳಿಗೆ ಅಂಜಿದ ನಿವಾಸಿಗಳು ಸಾರ್ವಜನಿಕ ರಸ್ತೆಗಳಿಗೆ ಅಡ್ಡಗೋಲುಗಳನ್ನು ಹಾಕಿಕೊಂಡರು. ಅಲ್ಲಿಯ ಭಯ ನಮ್ಮದಕ್ಕಿಂತ ಬಹಳ ದೊಡ್ಡದು, ನಿಜವಾದದ್ದು. ಅದನ್ನು ಒಪ್ಪಿಕೊಂಡೇ 1998ರಲ್ಲಿ ಆ ಪ್ರಾಂತದ ಶಾಸನಸಭೆಯು ಒಂದು ಕಾಯ್ದೆ ಮಾಡಿತು: ಅಡ್ಡಗೋಲು ಹಾಕುವವರು ನಗರಸಭೆಯ ಅನುಮತಿ ಪಡೆಯಬೇಕು, ಅದೂ ಗೊತ್ತಾದ ಅವಧಿಗೆ ಮಾತ್ರ. ಯಾರನ್ನೂ ಒಳಗೆ ಬಿಡದೆ ಇರಕೂಡದು, ಹೆಸರು ಬರೆಯೆಂದು ಒತ್ತಾಯಿಸಕೂಡದು ಎಂಬುದು ನಗರಸಭೆಯ ನಿಯಮ. ಇಷ್ಟಾದರೂ ಅಲ್ಲಿಯ ಮಾನವ ಹಕ್ಕುಗಳ ಆಯೋಗವು 2004ರಲ್ಲಿ ಬಹಿರಂಗ ವಿಚಾರಣೆ ನಡೆಸಿ, ಮರುವರ್ಷದ ವರದಿಯಲ್ಲಿ ಈ ಪದ್ಧತಿಯನ್ನು ತಾನು ಬೆಂಬಲಿಸುವುದಿಲ್ಲವೆಂದು ಹೇಳಿತು. ಪಾಸು ಪುಸ್ತಕದ ನೆನಪಿರುವವರಿಗೆ ಗೇಟಿನ ರಿಜಿಸ್ಟರು ಹೇಗೆ ಕಂಡೀತೆಂಬುದನ್ನು ಊಹಿಸಿಕೊಳ್ಳಬಹುದು.

ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ನಮ್ಮ ನೆರೆಯ ಕೇರಳದ ವೈಕ್ಕಂನಲ್ಲಿ 1924ರ ಮಾರ್ಚ್ 30ರಂದು ಆರಂಭವಾದ ಸತ್ಯಾಗ್ರಹವು ದೇವಾಲಯದ ಪ್ರವೇಶಕ್ಕಾಗಿ ನಡೆದದ್ದಲ್ಲ. ದೇವಾಲಯದ ಸುತ್ತಣ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ ನಡೆದದ್ದು. ಕ್ರೈಸ್ತರು, ಮುಸಲ್ಮಾನರು ನಡೆಯಬಹುದಾಗಿದ್ದ ಆ ರಸ್ತೆಗಳಲ್ಲಿ ಈಳವರೂ ಪುಲಯರೂ ನಡೆಯುವಂತಿರಲಿಲ್ಲ. ರಸ್ತೆಗಳನ್ನು ತೆರೆಯಬೇಕೆಂಬ ಠರಾವು 1925ರಲ್ಲಿ ತಿರುವಾಂಕೂರಿನ ಶಾಸನಸಭೆಯಲ್ಲಿ 21ಕ್ಕೆ 22 ಮತಗಳಿಂದ ಬಿದ್ದುಹೋಯಿತು. ಒಂದೇ ಒಂದು ಮತ! ಅದೇ ವರ್ಷದ ಕೊನೆಗೆ ಮೂರು ದಿಕ್ಕಿನ ರಸ್ತೆಗಳು ತೆರೆದವು. ಮೂಡಣ ದಿಕ್ಕಿನದಕ್ಕೆ 1936ರವರೆಗೆ ಕಾಯಬೇಕಾಯಿತು. ವೈಕ್ಕಂನ ಪಾಪವನ್ನೂ ಬೆಂಗಳೂರಿನ ಗೇಟನ್ನೂ ಒಂದೇ ತಕ್ಕಡಿಯಲ್ಲಿ ನಾನು ತೂಗುತ್ತಿಲ್ಲ. ಆದರೆ ನಮ್ಮ ಸಂವಿಧಾನವನ್ನು ಬರೆದವರು 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ 'ರಸ್ತೆ' ಎಂಬ ಮಾತನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ. ಈ ದೇಶದಲ್ಲಿ ರಸ್ತೆಯೆಂಬುದು ಹೋರಾಡಿ ಪಡೆದ ವಸ್ತು. ಇಂದು ಗೇಟಿನಲ್ಲಿ ಜಾತಿಯನ್ನು ಯಾರೂ ಕೇಳುವುದಿಲ್ಲ, ನಿಜ. ಆದರೆ ಬಟ್ಟೆ, ಚಪ್ಪಲಿ, ಕೈಯ ಚೀಲ ಇವನ್ನು ನೋಡಿ ನಿಲ್ಲಿಸುತ್ತಾರೆ. 2023ರಲ್ಲಿ ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ, ಮನೆಗೆಲಸದವರು ಉದ್ಯಾನದಲ್ಲಿಯೂ ಇತರ ಸಾಮಾನ್ಯ ಜಾಗಗಳಲ್ಲಿಯೂ ಕೂರುವುದರಿಂದ ನಿವಾಸಿಗಳಿಗೆ ಮುಜುಗರವಾಗುತ್ತದೆಯೆಂಬ ಸೂಚನೆ ಹೊರಟು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಕಳ್ಳರ ಭಯದಿಂದ ಎದ್ದ ಗೋಡೆಯು ಕಡೆಗೆ ಕೆಲಸದವಳು ಕಲ್ಲುಬೆಂಚಿನ ಮೇಲೆ ಕೂರುವುದನ್ನು ತಡೆಯಲು ಬಂದು ನಿಂತಿತು.

ಗೇಟುಗಳನ್ನೆಲ್ಲ ನಾಳೆಯೇ ಕಿತ್ತೊಗೆಯಿರಿ ಎಂದರೆ ಕೇಳುವವರು ಯಾರು? ಕಿತ್ತರೆ ನಮ್ಮ ತಂದೆಯವರ ಕೆಲಸವೂ ಹೋದೀತು. ಕಾವಲು ಇರಲಿ, ದೀಪ ಇರಲಿ, ಕ್ಯಾಮರಾ ಬೇಕಾದರೂ ಇರಲಿ. ಕಾರುಗಳ ವೇಗಕ್ಕೆ ರಸ್ತೆಯುಬ್ಬು ಸಾಕು. ಬಿಟ್ಟುಕೊಟ್ಟ ರಸ್ತೆಗೆ ಅಡ್ಡಗೋಲು ಬೇಕೇ ಬೇಕೆನ್ನುವ ಸಂಘವು ಪಾಲಿಕೆಗೆ ಅರ್ಜಿ ಹಾಕಲಿ. ಅದರ ತೀರ್ಮಾನಕ್ಕೆ ಮುನ್ನ ಅಕ್ಕಪಕ್ಕದ ಹಳ್ಳಿಯವರನ್ನೂ ಕರೆದು ಕೇಳಲಿ. ಕೊಟ್ಟ ಅನುಮತಿಗೆ ಅವಧಿಯಿರಲಿ, ಆ ಪತ್ರವನ್ನು ಗೇಟಿನ ಮೇಲೆ ಎಲ್ಲರೂ ಓದುವಂತೆ ಅಂಟಿಸಲಿ. ನಡೆದು ಬರುವವನನ್ನು ಹಗಲಿನಲ್ಲಾಗಲಿ ರಾತ್ರಿಯಲ್ಲಾಗಲಿ ಹೆಸರು ಕೇಳಕೂಡದು. ಹಿಂಬದಿಯ ಗೇಟಿಗೆ ಒಬ್ಬ ಮನುಷ್ಯ ನುಸುಳುವಷ್ಟು ಕಿರುಬಾಗಿಲಾದರೂ ಇರಬೇಕು, ಅದಕ್ಕೆ ಬೀಗವಿರಕೂಡದು. ಮುಂದಿನ ಮಳೆಗಾಲದೊಳಗೆ ಇದಿಷ್ಟಾದರೂ ಆದರೆ ನಮ್ಮ ಹಳ್ಳಿಯ ಹದಿನಾಲ್ಕು ಹೆಂಗಸರು ಬೆಳಗಿನ ಕತ್ತಲಲ್ಲಿ ಲಾರಿಗಳ ಪಕ್ಕ ನಡೆಯುವುದು ತಪ್ಪುತ್ತದೆ.